ಆ ಚೀಲಕ್ಕೆ ಆ ಚೀಟಿಯೇ ಬೇಕು

“ಎಲ್ಲಾ ಪ್ಯಾರಾಚೂಟೂ ಒಂದೇ ಕಣ್ರೀ, ಬಟ್ಟೆ ಮಡಚಿ ಚೀಲಕ್ಕೆ ತುಂಬಿದರಾಯ್ತು” ಎನ್ನುವವರು ಸಿಕ್ಕರೆ ನಮಗೆ ಸಿಟ್ಟು ಬರುತ್ತದೆ. ಮದ್ದಿಕೇರದಂಥ ಊರಿನ ಕನ್ನಡ ಮೇಷ್ಟರುಗಳಿಗೆ ಪ್ಯಾರಾಚೂಟಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಿಜ, ನಮ್ಮ ಕಡೆ ಆಕಾಶದಿಂದ ಬೀಳುವುದು ಮಳೆ ಒಂದೇ, ಅದೂ ಸರಿಯಾಗಿ ಬೀಳುವುದಿಲ್ಲ. ಬಿದ್ದ ವರ್ಷ ಜನ ಜೊನ್ನಗಿರಿ, ತುಗ್ಗಲಿ ಕಡೆ ಹೊಲಗಳಲ್ಲಿ ವಜ್ರ ಹುಡುಕುತ್ತಾ ಕೂರುತ್ತಾರೆ. ಆದರೂ ಈ ಮಾತನ್ನು ಬಿಡುವಂತಿಲ್ಲ. ಯಾಕೆಂದರೆ “ಎಲ್ಲಾ ಒಂದೇ” ಎನ್ನುವ ರೋಗ ಪ್ಯಾರಾಚೂಟಿಗೆ ಮಾತ್ರ ಅಂಟಿದ್ದಲ್ಲ, ನಮ್ಮ ಶಾಲೆಗಳಿಗೂ ಅಂಟಿದೆ.

ಗುರುತ್ವದ ಪಾಠ ಮಾಡುವಾಗ ಪಾಲಿಥಿನ್ ಕವರಿನ ನಾಲ್ಕು ಮೂಲೆಗೆ ದಾರ ಕಟ್ಟಿ, ಕೆಳಗೊಂದು ಕಲ್ಲು ಕಟ್ಟಿ ಮಾಳಿಗೆಯಿಂದ ಬಿಡಿಸುವುದು ನಮ್ಮ ಹಳೆಯ ಪದ್ಧತಿ. ಬಿಚ್ಚಿದ ಕವರು ಚೆನ್ನಾಗಿ ಇಳಿಯುತ್ತದೆ. ಮಡಚಿ ಎಸೆದದ್ದು ಒಮ್ಮೆ ಅರಳುತ್ತದೆ, ಒಮ್ಮೆ ಕಲ್ಲಿನಂತೆ ದಡಕ್ಕನೆ ಬೀಳುತ್ತದೆ. “ಸಾರ್, ನಿಜವಾದದ್ದನ್ನ ಹೆಂಗೆ ಮಡಚ್ತಾರೆ?” ಎಂದು ಹುಡುಗರು ಕೇಳುತ್ತಾರೆ. ಈ ಪ್ರಶ್ನೆಗೆ “ಹೀಗೆ” ಎಂದು ಒಂದೇ ಉತ್ತರ ಕೊಡುವವನು ಸುಳ್ಳು ಹೇಳುತ್ತಿದ್ದಾನೆ. ಸರಿಯಾದ ಉತ್ತರ ಇನ್ನೊಂದು ಪ್ರಶ್ನೆ: “ಯಾವುದನ್ನ?”

ವಿಷಯಕ್ಕೆ ಬರೋಣ. ಆಟಕ್ಕಾಗಿ ವಿಮಾನದಿಂದ ಜಿಗಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಇಡೀ ಸರಂಜಾಮಿಗೆ ರಿಗ್ ಎನ್ನುತ್ತಾರೆ. ನೋಡಲು ಒಂದೇ ಚೀಲ. ಒಳಗೆ ಎರಡು ಪ್ಯಾರಾಚೂಟು: ಒಂದು ದಿನಬಳಕೆಯ ಮುಖ್ಯ ಪ್ಯಾರಾಚೂಟು, ಇನ್ನೊಂದು ಅದು ಕೈಕೊಟ್ಟರೆ ಕಾಯುವ ಆಪತ್ಕಾಲದ್ದು. ಜೊತೆಗೆ, ಜಿಗಿದವನು ಎಚ್ಚರ ತಪ್ಪಿದರೂ ತಾನಾಗಿಯೇ ಆಪತ್ಕಾಲದ್ದನ್ನು ಬಿಚ್ಚುವ ಒಂದು ಪುಟ್ಟ ಯಂತ್ರ. ಚೀಲ ಮತ್ತು ಪಟ್ಟಿಗಳನ್ನು ಮಾಡಿದ ಕಂಪನಿ ಒಂದು, ಒಳಗಿನ ಬಟ್ಟೆ ಹೊಲಿದದ್ದು ಇನ್ನೊಂದು, ಯಂತ್ರ ಮಾಡಿದ್ದು ಮತ್ತೊಂದು ಇರಬಹುದು. ಅಂದರೆ ಒಂದು ರಿಗ್ಗಿಗೆ ಒಂದು ಕೈಪಿಡಿ ಅಲ್ಲ, ಮೂರು ನಾಲ್ಕು. ಆ ಮೂರೂ ಒಂದಕ್ಕೊಂದು ಹೊಂದಬೇಕು.

ಹೊಸ ರಿಗ್ಗಿನಲ್ಲಿ ಇದು ಅಂಥ ಕಷ್ಟವಲ್ಲ, ಕಂಪನಿಯೇ ಕೈಪಿಡಿ ಕೊಡುತ್ತದೆ. ಕಷ್ಟ ಇರುವುದು ಕೈಯಿಂದ ಕೈಗೆ ದಾಟಿ ಬಂದ, ಇಪ್ಪತ್ತು ಮೂವತ್ತು ವರ್ಷದ ಮಾಲಿನಲ್ಲಿ. ಈ ಆಟದ ಸಾಮಾನು ಒಂದೇ ತಲೆಮಾರಿನಲ್ಲಿ ಪೂರ್ತಿ ಬದಲಾಗಿಹೋಯಿತು. ಮೊದಮೊದಲು ಸೈನ್ಯದಿಂದ ಬಂದ ದುಂಡನೆಯ ಪ್ಯಾರಾಚೂಟು ಬೆನ್ನಿಗೆ, ಆಪತ್ಕಾಲದ್ದು ಹೊಟ್ಟೆಯ ಮೇಲೆ. ಆಮೇಲೆ ಡೊಮಿನಾ ಜಾಲ್ಬರ್ಟ್ 1960ರ ದಶಕದಲ್ಲಿ ರೂಪಿಸಿದ, ಗಾಳಿ ತುಂಬಿಕೊಂಡು ರೆಕ್ಕೆಯಾಗುವ ಚೌಕಾಕಾರದ್ದು ಬಂತು. 1970ರ ದಶಕದಲ್ಲಿ ಬಿಲ್ ಬೂತ್ ಮೂರು ಉಂಗುರಗಳ ಬಿಡುಗಡೆ ವ್ಯವಸ್ಥೆ ತಂದರು: ದೊಡ್ಡ ಉಂಗುರದೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು, ಕೊನೆಗೆ ಒಂದು ನೂಲಿನ ಕುಣಿಕೆ. ಇಡೀ ಮನುಷ್ಯನ ಭಾರ ಆ ಕುಣಿಕೆಗೆ ತಲುಪುವಷ್ಟರಲ್ಲಿ ಚೂರೇ ಚೂರು ಆಗಿರುತ್ತದೆ. (ಸನ್ನೆಕೋಲಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.) ಹೊಟ್ಟೆಯ ಮೇಲಿದ್ದ ಆಪತ್ಕಾಲದ ಚೀಲವೂ ಬೆನ್ನಿಗೆ ಹೋಯಿತು. ಈ ಬದಲಾವಣೆಗಳ ನಡುವೆ ಹುಟ್ಟಿದ ಎಷ್ಟೋ ಮಾದರಿಗಳು ಅರ್ಧ ಹಳೆಯವು, ಅರ್ಧ ಹೊಸವು. ಮಾಡಿದ ಕೆಲವು ಕಂಪನಿಗಳು ಈಗ ಇಲ್ಲ.

ಒಂದೇ ಒಂದು ವಿವರ ಹೇಳುತ್ತೇವೆ, ಕೇಳಿ. ಆಪತ್ಕಾಲದ ಚೀಲದ ಮಡಿಕೆಗಳನ್ನೆಲ್ಲಾ ಹಿಡಿದಿಡುವುದು ಒಂದು ಸಣ್ಣ ದಾರದ ಕುಣಿಕೆ, ಅದರೊಳಗೆ ಒಂದು ಪಿನ್ನು. ಹಳೆಯ ಕಾಲದ ಎಫ್‌ಎಕ್ಸ್‌ಸಿ 12000 ಎಂಬ ಯಂತ್ರ ಆ ಪಿನ್ನನ್ನು ಎಳೆಯುತ್ತಿತ್ತು. 1991ರಲ್ಲಿ ಜರ್ಮನಿಯ ಏರ್‌ಟೆಕ್ ಕಂಪನಿ ತಂದ ಸೈಪ್ರೆಸ್ ಪಿನ್ನಿನ ತಂಟೆಗೇ ಹೋಗುವುದಿಲ್ಲ, ಕುಣಿಕೆಯನ್ನೇ ಕತ್ತರಿಸುತ್ತದೆ. ಸಾಮಾನ್ಯ ಮಾದರಿ ಕೆಲಸ ಮಾಡುವುದು ನೆಲದಿಂದ ಸುಮಾರು 225 ಮೀಟರ್ ಎತ್ತರದಲ್ಲಿ, ಬೀಳುವ ವೇಗ ಸೆಕೆಂಡಿಗೆ 35 ಮೀಟರಿಗಿಂತ ಹೆಚ್ಚಿದ್ದರೆ. ಮುಕ್ತವಾಗಿ ಬೀಳುವ ಮನುಷ್ಯನ ವೇಗ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು. ಲೆಕ್ಕ ಹಾಕಿ, ಉಳಿದಿರುವುದು ನಾಲ್ಕು ಸೆಕೆಂಡು ಚಿಲ್ಲರೆ. ಈಗ 1980ರ ದಶಕದ ಚೀಲವೊಂದನ್ನು ತೆಗೆದುಕೊಳ್ಳಿ. ಅದರ ಮೂಲ ಕೈಪಿಡಿಯಲ್ಲಿ ಕತ್ತರಿಸುವ ಭಾಗ ಎಲ್ಲಿ ಕೂರಬೇಕು, ಕುಣಿಕೆ ಎಷ್ಟು ಉದ್ದ ಇರಬೇಕು ಎಂದು ಇರುವುದಿಲ್ಲ, ಯಾಕೆಂದರೆ ಆಗ ಆ ಯಂತ್ರವೇ ಹುಟ್ಟಿರಲಿಲ್ಲ. ಕೆಲವು ಚೀಲಗಳಿಗೆ ಒಂದೇ ಪಿನ್ನು, ರೇಸರ್ ಎಂಬ ಮಾದರಿಗೆ ಎರಡು. ಎರಡು ಪಿನ್ನಿನದಕ್ಕೆ ಯಂತ್ರವೂ ಬೇರೆ, ಎರಡು ಕತ್ತರಿಗಳದ್ದು. ಒಂದು ಚೀಲದ ಕೈಪಿಡಿ ಹಿಡಿದು ಇನ್ನೊಂದನ್ನು ಮಡಚಿದರೆ ಹೊರಗಿನಿಂದ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆ ನಾಲ್ಕು ಸೆಕೆಂಡಿನಲ್ಲಿ ಮಾತ್ರ ಗೊತ್ತಾಗುತ್ತದೆ.

ಹಾಗಾದರೆ ಮೂಲ ಕೈಪಿಡಿ ಸಾಲದೇ? ಸಾಲದು. ಹೊಸದೊಂದೇ ಸಾಕೇ? ಅದೂ ಸಾಲದು. ಹಳೆಯದನ್ನು ಹುಡುಕಿ ತಂದು “ನೋಡಿ, ಇದೇ ಅಸಲಿ” ಎಂದು ಎದೆಯುಬ್ಬಿಸುವವರ ಮೇಲೂ ನಮ್ಮ ತಕರಾರಿದೆ. ಚೀಲ ಮಾರಾಟವಾದ ಮೇಲೆ ಕಂಪನಿಗಳು ಸೇವಾ ಪ್ರಕಟಣೆಗಳನ್ನು ಹೊರಡಿಸುತ್ತವೆ: ಇಂಥ ಭಾಗ ಬದಲಿಸಿ, ಇಂಥದ್ದನ್ನು ಪರೀಕ್ಷಿಸಿ, ಇಂಥದ್ದನ್ನು ಹಾರಿಸಲೇಬೇಡಿ ಎಂದು. 1980ರ ದಶಕದಲ್ಲಿ ದುಂಡನೆಯ ಆಪತ್ಕಾಲದ ಪ್ಯಾರಾಚೂಟುಗಳಲ್ಲಿ ಒಂದು ವಿಚಿತ್ರ ಕಾಯಿಲೆ ಪತ್ತೆಯಾಯಿತು. ಅವುಗಳಲ್ಲಿ ಹೊಲಿದಿದ್ದ ಬಲೆಬಟ್ಟೆಯಲ್ಲಿ ಆಮ್ಲ ಉಳಿದಿತ್ತು. ಪಕ್ಕದ ನೈಲಾನು ಮಡಚಿಟ್ಟಲ್ಲೇ ಸದ್ದಿಲ್ಲದೆ ಶಕ್ತಿ ಕಳೆದುಕೊಳ್ಳುತ್ತಿತ್ತು. ಪರೀಕ್ಷೆ ಏನು ಗೊತ್ತೇ? ಬ್ರೋಮೋಕ್ರೆಸಾಲ್ ಗ್ರೀನ್ ಎಂಬ ಸೂಚಕ ದ್ರಾವಣದ ಒಂದು ಹನಿ. ನೀಲಿಯಾಗಿಯೇ ಉಳಿದರೆ ಸರಿ, ಹಳದಿಗೆ ತಿರುಗಿದರೆ ಆಮ್ಲ. ನಮ್ಮ ಹುಡುಗರು ಲಿಟ್ಮಸ್ ಕಾಗದದಲ್ಲಿ ಮಾಡುವುದೂ ಇದನ್ನೇ! ಆ ಪರೀಕ್ಷೆಯ ಮಾತು ಆ ಪ್ಯಾರಾಚೂಟಿನ ಮೂಲ ಕೈಪಿಡಿಯಲ್ಲಿ ಇರಲು ಸಾಧ್ಯವೇ ಇಲ್ಲ. ಅದು ಆಮೇಲಿನ ಕಾಗದಗಳಲ್ಲಿದೆ. ಕೈಪಿಡಿಯನ್ನಷ್ಟೇ ಓದಿದವನು ಚೆನ್ನಾಗಿ ಮಡಚಿದ ಒಂದು ಜೀರ್ಣ ಬಟ್ಟೆಯನ್ನು ಬೆನ್ನಿಗೆ ಕಟ್ಟಿಕೊಂಡಂತೆ.

ಇದನ್ನು ಓದುತ್ತಿರುವ ಗಡಿಯ ಮೇಷ್ಟರುಗಳಿಗೆ ಇಷ್ಟರಲ್ಲಿ ಏನೋ ನೆನಪಾಗಿರಬೇಕು. ನಮ್ಮ ಮಕ್ಕಳ ಕೈಯಲ್ಲಿರುವ ಪಠ್ಯ ಆಂಧ್ರದ್ದು, ಗೈಡು ಬಳ್ಳಾರಿಯಿಂದ ತಂದದ್ದು! ಅಕ್ಷರ ಕನ್ನಡ, ರಟ್ಟಿನ ಮೇಲೆ “ಹತ್ತನೇ ತರಗತಿ” ಎಂದಿದೆ, ಇನ್ನೇನು ಬೇಕು ಎನ್ನುತ್ತಾರೆ. ಪರೀಕ್ಷಾ ಮಂಡಳಿ ಬೇರೆ, ಪ್ರಶ್ನೆಪತ್ರಿಕೆಯ ರೂಪ ಬೇರೆ, ಎಷ್ಟೋ ಸಲ ಪಾಠವೇ ಬೇರೆ. ಅಣ್ಣ ಓದಿದ ಗೈಡನ್ನು ತಮ್ಮನಿಗೆ ದಾಟಿಸುವವರೂ ಇದ್ದಾರೆ, ನಡುವೆ ಪುಸ್ತಕ ಬದಲಾಗಿದ್ದನ್ನು ನೋಡದೆ. ಪ್ಯಾರಾಚೂಟಿನವನಿಗೆ ನಾಲ್ಕು ಸೆಕೆಂಡಿನಲ್ಲಿ ತಿಳಿಯುವುದು ನಮ್ಮ ಮಕ್ಕಳಿಗೆ ಮಾರ್ಚಿ ತಿಂಗಳಲ್ಲಿ ತಿಳಿಯುತ್ತದೆ.

ಇನ್ನು “ಅನುಭವ ಇದ್ದರೆ ಕೈಪಿಡಿ ಯಾಕೆ?” ಎನ್ನುವ ದೊಡ್ಡ ಪಂಗಡ. ಇವರ ಮಾತನ್ನು ನಾವು ಸುಲಭಕ್ಕೆ ತಳ್ಳಿಹಾಕುವುದಿಲ್ಲ. ಸಾವಿರ ಸಲ ಮಡಚಿದ ಕೈಗೆ ಗೊತ್ತಿರುವುದು ಕಾಗದಕ್ಕೆ ಗೊತ್ತಿರುವುದಿಲ್ಲ, ಮತ್ತು ಎಷ್ಟೋ ಕೈಪಿಡಿಗಳು ಕೆಟ್ಟದಾಗಿ ಬರೆದಂಥವೇ. ಆದರೆ ಈ ಕೆಲಸದಲ್ಲಿ ಪಳಗಿದವರು ಏನು ಮಾಡುತ್ತಾರೆ ನೋಡಿ. ಅಮೆರಿಕದಲ್ಲಿ ಆಪತ್ಕಾಲದ ಪ್ಯಾರಾಚೂಟನ್ನು ಮಡಚಲು ಪರವಾನಗಿ ಪಡೆದ ರಿಗ್ಗರ್ ಬೇಕು. ಮಡಚಿ ಮೊಹರು ಹಾಕಿ ಚೀಟಿಯಲ್ಲಿ ದಿನಾಂಕ ಬರೆದು ಸಹಿ ಮಾಡಬೇಕು. ಸಿಂಥೆಟಿಕ್ ಬಟ್ಟೆಯದಾದರೆ 180 ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಮಡಚಬೇಕು, ರೇಷ್ಮೆಯಂಥ ನೈಸರ್ಗಿಕ ನೂಲಿನದಾದರೆ 60 ದಿನಕ್ಕೇ. 2008ರವರೆಗೆ ಆ 180 ದಿನ 120 ಆಗಿತ್ತು, ಅಂದರೆ ಹಳೆಯ ಪುಸ್ತಕದಲ್ಲಿ ಅವಧಿಯೂ ಹಳೆಯದೇ. ಆ ದೇಶದ ನಿಯಮದಲ್ಲಿ ರಿಗ್ಗರನಿಗೆ ಒಂದು ಕಟ್ಟಪ್ಪಣೆ ಇದೆ: ತಯಾರಕರ ಈಗಿನ ಸೂಚನೆಗಳು ಅರ್ಥವಾಗದ ಹೊರತು ಆ ಕೆಲಸಕ್ಕೆ ಕೈ ಹಾಕಕೂಡದು. ಎರಡು ಪದಗಳನ್ನು ಗಮನಿಸಿ. “ಈಗಿನ” ಎಂದಿದೆ, “ಅರ್ಥವಾಗದ” ಎಂದಿದೆ. ಕೈಪಿಡಿ ಜೇಬಿನಲ್ಲಿದ್ದರೆ ಸಾಕು ಎಂದಿಲ್ಲ, ಹಿರಿಯರು ತೋರಿಸಿಕೊಟ್ಟರೆ ಸಾಕು ಎಂದೂ ಇಲ್ಲ.

ನಮ್ಮ ದೇಶಕ್ಕೆ ಇದು ಹೊಸ ವಿದ್ಯೆಯೇನಲ್ಲ. 1941ರ ಅಕ್ಟೋಬರಿನಲ್ಲಿ ಲೆಫ್ಟಿನೆಂಟ್ ಎ. ಜಿ. ರಂಗರಾಜ್ ಎಂಬ ಸೈನ್ಯದ ವೈದ್ಯರು ಜಿಗಿದು ಭಾರತೀಯ ಪ್ಯಾರಾ ಸೈನಿಕರಲ್ಲಿ ಮೊದಲಿಗರಾದರು. ಕಾನ್ಪುರದ ಪ್ಯಾರಾಚೂಟ್ ಕಾರ್ಖಾನೆ ಶುರುವಾದದ್ದೂ ಅದೇ ವರ್ಷ. ಅದು 2021ರಿಂದ ಗ್ಲೈಡರ್ಸ್ ಇಂಡಿಯಾ ಲಿಮಿಟೆಡ್ ಹೆಸರಿನಲ್ಲಿದೆ. 1944ರ ಸುಮಾರಿಗೆ ಬರ್ಮಾ ಯುದ್ಧದಲ್ಲಿ ರೇಷ್ಮೆ ಸಿಗದೆ ಹೋದಾಗ ಸ್ಲಿಮ್ ಸಾಹೇಬರ ಸೈನ್ಯ ಸಾಮಾನು ಇಳಿಸಲು ಸೆಣಬಿನ ಪ್ಯಾರಾಚೂಟು ಮಾಡಿಸಿತು. ಸೆಣಬಿನದಕ್ಕೂ ನೈಲಾನಿನದಕ್ಕೂ ಒಂದೇ ಮಡಿಕೆ ಎಂದು ಅಂದು ಯಾರಾದರೂ ಹೇಳಿದ್ದರೆ ಅಕ್ಕಿಮೂಟೆ ಏನಾಗುತ್ತಿತ್ತೋ. ಇಂದು ಆಗ್ರಾದಲ್ಲಿ ಡಿಆರ್‌ಡಿಒದ ಪ್ಯಾರಾಚೂಟ್ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ, ಮೈಸೂರಿನಲ್ಲಿ ಸಾರ್ವಜನಿಕರಿಗೆ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. ಇಷ್ಟೆಲ್ಲಾ ನಮ್ಮ ದೇಶದೊಳಗೇ ಇರುವಾಗ, ನಮ್ಮ ಶಾಲೆಯ ಹುಡುಗಿಯೊಬ್ಬಳು ನಾಳೆ ಆ ಮೇಜಿನ ಮುಂದೆ ನಿಲ್ಲಬಾರದೇಕೆ?

ನಿಂತರೆ ಅವಳು ಮಾಡಬೇಕಾದ್ದು ಇಷ್ಟು. ಮೊದಲು ಚೀಲದ ಮೇಲಿನ ಪಟ್ಟಿ ಓದಬೇಕು: ತಯಾರಕ, ಮಾದರಿ, ಕ್ರಮಸಂಖ್ಯೆ, ತಯಾರಾದ ದಿನ. ಒಳಗಿನ ಎರಡೂ ಪ್ಯಾರಾಚೂಟಿನ ಮೇಲೆ, ಯಂತ್ರದ ಮೇಲೆ ಬೇರೆ ಬೇರೆ ಪಟ್ಟಿಗಳಿರುತ್ತವೆ, ಅವನ್ನೂ ಓದಬೇಕು. ಮಾದರಿಯ ಹೆಸರು ಒಂದೇ ಇದ್ದರೂ ತಯಾರಾದ ವರ್ಷ ಬೇರೆಯಾದರೆ ಒಳಗಿನ ಮಡಿಕೆ ಬೇರೆ ಇರಬಹುದು, ಅದಕ್ಕೇ ದಿನಾಂಕ ಮುಖ್ಯ. ಆಮೇಲೆ ಆ ತಯಾರಕರ ಆ ಮಾದರಿಯ ಕೈಪಿಡಿ, ಅದರ ಎಷ್ಟನೇ ಪರಿಷ್ಕರಣೆ, ಅದರ ನಂತರ ಬಂದ ಪ್ರಕಟಣೆಗಳು. ಕಂಪನಿ ಮುಚ್ಚಿದ್ದರೆ ಅದರ ಹಕ್ಕು ಯಾರು ಕೊಂಡರು ಎಂದು ವಿಚಾರಿಸಬೇಕು. ಡ್ಯಾನ್ ಪಾಯಿಂಟರ್ ಅವರ ಎರಡು ಸಂಪುಟಗಳ ಪ್ಯಾರಾಚೂಟ್ ಕೈಪಿಡಿಯಲ್ಲಿ ಹಳೆಯ ಮಾದರಿಗಳ ವಿವರ ಬಹಳಷ್ಟಿದೆ, ಹಿರಿಯ ರಿಗ್ಗರುಗಳ ಕಪಾಟಿನಲ್ಲಿ ಕಾಗದಗಳಿರುತ್ತವೆ. ಯಾರೋ ವಿಡಿಯೋದಲ್ಲಿ ತಮ್ಮ ಚೀಲವನ್ನು ಮಡಚಿ ತೋರಿಸಿದ್ದು ಅವರ ಚೀಲಕ್ಕೆ, ಅಷ್ಟೇ. ಇಷ್ಟು ಹುಡುಕಿಯೂ ಸಿಗದಿದ್ದರೆ? ಹತ್ತಿರದ ಇನ್ನೊಂದು ಮಾದರಿಯ ಕೈಪಿಡಿ ಹೊಂದಿಸುವುದಲ್ಲ. ಆ ಚೀಲವನ್ನು ಗೋಡೆಗೆ ನೇತುಹಾಕುವುದು. ಕೊಂಡವನ ದುಡ್ಡು ಹೋಗುತ್ತದೆ, ಹೋಗಲಿ.

“ಅದೆಲ್ಲಾ ಇಂಗ್ಲಿಷ್ ಮೀಡಿಯಂ ಮಕ್ಕಳ ಕೆಲಸ, ಕೈಪಿಡಿ ಇಂಗ್ಲಿಷಿನಲ್ಲಿ ತಾನೇ ಇರೋದು” ಎಂದು ನಮ್ಮ ಪಾಲಕರಲ್ಲೇ ಕೆಲವರು ಹೇಳುತ್ತಾರೆ. ಕೈಪಿಡಿ ಇಂಗ್ಲಿಷಿನಲ್ಲಿದೆ, ಇಂಗ್ಲಿಷ್ ಕಲಿಯಲೇಬೇಕು, ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ “ಇದಾದ ಮೇಲೆ ಇದು, ಇದಕ್ಕೆ ಮುಂಚೆ ಇದಲ್ಲ” ಎಂದು ಸಾಲುಸಾಲು ಹಿಡಿದು ಓದುವ, ಅರ್ಥವಾಗದಲ್ಲಿ ನಿಲ್ಲುವ ಅಭ್ಯಾಸ ಯಾವ ಭಾಷೆಯಲ್ಲಿ ಹುಟ್ಟುತ್ತದೆ? ಮನೆಯಲ್ಲಿ ಆಡುವ ಭಾಷೆಯಲ್ಲಿ. ಆ ಅಭ್ಯಾಸ ಇಲ್ಲದವನಿಗೆ ಇಂಗ್ಲಿಷ್ ಕೈಪಿಡಿ ಬರೀ ಚಿತ್ರಪುಸ್ತಕ. ಹಾಗೆಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವಂತಿಲ್ಲ. ಕನ್ನಡ ಮಾಧ್ಯಮದ ನಾವು ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುತ್ತೇವೆ, ಪ್ರಬಂಧ ಬರೆಸುತ್ತೇವೆ. ಒಂದು ಸೂಚನಾಪತ್ರವನ್ನು ಓದಿಸಿ, ಅದರಂತೆ ಒಂದು ಕೆಲಸ ಮಾಡಿಸಿ, ಎಲ್ಲಿ ತಪ್ಪಿತು ಎಂದು ಕೇಳುವ ಪಾಠ ಎಷ್ಟು ಶಾಲೆಗಳಲ್ಲಿ ನಡೆಯುತ್ತದೆ?

ಸಾಮಗ್ರಿಗೆ ಬರವಿಲ್ಲ. ನಮ್ಮ ಸೀಮೆ ಹತ್ತಿಯ ಸೀಮೆ, ಮನೆಮನೆಯಲ್ಲೂ ಕೀಟನಾಶಕದ ಖಾಲಿ ಡಬ್ಬಿ ಇದೆ. (ಡಬ್ಬಿಯನ್ನು ಶಾಲೆಗೆ ತರಿಸಬೇಡಿ ಮತ್ತೆ, ಚೀಟಿ ಸಾಕು, ಅದೂ ಡಬ್ಬಿ ಒಡೆಯುವ ಮುಂಚೆ ಎತ್ತಿಟ್ಟ ಚೀಟಿ.) 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯ ಜೊತೆ ಮಾಹಿತಿ ಚೀಟಿ ಇರಲೇಬೇಕು, ಡಬ್ಬಿಯ ಮೇಲೆ ವಿಷದ ಮಟ್ಟ ತೋರಿಸುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರಬೇಕು. ಚೀಟಿ ತೆರೆದು ನೋಡಿ, ಇರುವೆಯಂಥ ಅಕ್ಷರ. ತಂದೆ ಅದನ್ನು ಬಿಸಾಕಿ “ಎಲ್ಲಾ ಔಷಧಿಯೂ ಒಂದೇ, ಒಂದು ಮುಚ್ಚಳ ಹಾಕು” ಎನ್ನುತ್ತಾನೆ. ಮಗಳು ಅದನ್ನು ಎತ್ತಿಕೊಂಡು ಓದಿ, “ಅಪ್ಪಾ, ಇದು ಹೋದ ವರ್ಷದ್ದಲ್ಲ, ಅಳತೆ ಬೇರೆ ಐತಿ” ಎನ್ನುವಂತಾಗಬೇಕು. ಹಾಗೆ ಹೇಳಬಲ್ಲವಳಿಗೆ ರಿಗ್ಗಿನ ಪಟ್ಟಿ ಓದುವುದು ದೊಡ್ಡ ಮಾತಲ್ಲ.

ಈ ಜೂನಿನಲ್ಲಿ ಶಾಲೆ ತೆರೆದಾಗ ನಾವು ಎಂಟನೇ ತರಗತಿಗೆ ವಾರಕ್ಕೊಂದು ಅವಧಿ ಇದಕ್ಕೇ ಇಡುತ್ತೇವೆ. ಹೊಲಿಗೆ ಯಂತ್ರದ ಪುಸ್ತಕ, ಪಂಪ್‌ಸೆಟ್ಟಿನ ಹಾಳೆ, ಬೀಜದ ಚೀಲದ ಚೀಟಿ, ಕುಕ್ಕರಿನ ಕಾಗದ, ಯಾವುದಿದ್ದರೂ ಸರಿ. ಆಲೂರು, ಆದವಾನಿ, ಹೊಳಗುಂದಿ ಕಡೆಯ ಗೆಳೆಯರು ತಮ್ಮ ಮನೆಯ ಅಟ್ಟದಲ್ಲಿರುವ ಇಂಥ ಹಳೆಯ ಕಾಗದಗಳನ್ನು ಎತ್ತಿಟ್ಟಿರಲಿ. ಹಾಳೆಯ ಜೊತೆ ಅದು ಯಾವ ಯಂತ್ರದ್ದು, ಯಾವ ವರ್ಷದ್ದು ಎಂದು ಪೆನ್ಸಿಲಿನಲ್ಲಿ ಬರೆದು ಕೊಡಿ. ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಅದನ್ನೂ ಬರೆಯಿರಿ.