ವಾರದ ರಾತ್ರಿ ಊಟದ ಲೆಕ್ಕ ಯಾರ ತಲೆಯಲ್ಲಿದೆ?

(1/6)
ಭಾನುವಾರ ಬಂದ್ರೆ ಸಾಕು, ನನ್ನ ಫೀಡ್ ತುಂಬಾ ಒಂದೇ ಥರದ ರೀಲ್ಸ್. ಏಳು ಗಾಜಿನ ಡಬ್ಬ, ಹೆಚ್ಚಿಟ್ಟ ಬೀನ್ಸ್, ವಾರದ ಹೆಸರು ಬರೆದ ಸ್ಟಿಕ್ಕರ್, ಹಿಂದೆ ಮೆಲ್ಲಗೆ ಪಿಯಾನೋ. 'ಎರಡೇ ಗಂಟೆಯಲ್ಲಿ ಇಡೀ ವಾರದ ಡಿನ್ನರ್ ಪ್ಲ್ಯಾನ್! ಅಮ್ಮಂದಿರೇ, ಸೇವ್ ಮಾಡ್ಕೊಳ್ಳಿ.'

ಆ ಕೊನೆ ಸಾಲಿನ ಮೇಲೇ ನನ್ನ ಜಗಳ. ಅಮ್ಮಂದಿರೇ ಯಾಕೆ? ಊಟ ಮಾಡೋರು ಐದು ಜನ, ಸೇವ್ ಮಾಡ್ಕೊಳ್ಳೋದು ಮಾತ್ರ ಒಬ್ಬರೇನಾ?

ನಾನು ಹೇಳೋದು ಇಷ್ಟು: ರಾತ್ರಿಗೆ ಏನು ಅಂತ ತೀರ್ಮಾನ ಮಾಡೋದೇ ಒಂದು ಕೆಲಸ. ಒಲೆ ಮುಂದೆ ನಿಲ್ಲೋದು ಅದಾದ ಮೇಲೆ ಬರೋ ಇನ್ನೊಂದು ಕೆಲಸ. ಮೊದಲನೇದನ್ನ ಒಬ್ಬರ ತಲೆ ಮೇಲೆ ಬಿಟ್ಟು, ಎರಡನೇದಕ್ಕೆ ಮಾತ್ರ 'ನಾವೂ ಹೆಲ್ಪ್ ಮಾಡ್ತೀವಿ' ಅನ್ನೋ ಮನೆಯಲ್ಲಿ ಏನೂ ಹಂಚಿಕೆ ಆಗಿಲ್ಲ. ಉದ್ದ ಇದೆ, ಆರು ಪೋಸ್ಟ್. ಪುರುಸೊತ್ತು ಇದ್ದಾಗ ಓದಿ.

(2/6)
ನಮ್ಮ ಮನೆ ತುಮಕೂರಲ್ಲಿ. ಅಜ್ಜಿಗೆ ಶುಗರ್, ಏಳೂವರೆಗೆಲ್ಲ ಊಟ ಆಗಿಬಿಡಬೇಕು. ಅಣ್ಣ ಶಿಫ್ಟ್ ಮುಗಿಸಿ ಬರೋದು ಹತ್ತೂವರೆಗೆ. ಮಧ್ಯದಲ್ಲಿ ಅಪ್ಪ, ನಾನು. ಎಲ್ಲರದೂ ಆದ ಮೇಲೆ ಅಮ್ಮ.

ಭಾನುವಾರ ಕೋಳಿ ಸಾರು, ಮುದ್ದೆ. ಸೋಮವಾರ ಮನೆಯಲ್ಲಿ ಮಾಂಸ ಇರೋ ಹಾಗಿಲ್ಲ, ಫ್ರಿಜ್‌ನಲ್ಲೂ ಇರಬಾರದು, ಅದು ಅಜ್ಜಿ ಕಾನೂನು. ಹಾಗಾಗಿ ಭಾನುವಾರ ಎಷ್ಟು ಕೋಳಿ ತರಬೇಕು ಅನ್ನೋ ಲೆಕ್ಕ ಸೋಮವಾರದಿಂದ ಹಿಂದಕ್ಕೆ ಬರಬೇಕು. ಸೋಮವಾರ ಬೆಳಿಗ್ಗೆ ಸೊಪ್ಪಿನವರು ಬರ್ತಾರೆ. ದಂಟಿನ ಸೊಪ್ಪು ಒಂದು ದಿನ ಇಟ್ರೆ ಬಾಡುತ್ತೆ, ಅವತ್ತೇ ಬಸ್ಸಾರು. ಬಸಿದ ಕಟ್ಟು ಸಾರಿಗೆ, ಸೊಪ್ಪು-ಬೇಳೆ ಪಲ್ಯಕ್ಕೆ. ಬಸ್ಸಾರು ಮರುದಿನ ಇನ್ನೂ ರುಚಿ ಅಲ್ವಾ, ಉಳಿದದ್ದು ಮಂಗಳವಾರ ಅಪ್ಪನ ಮಧ್ಯಾಹ್ನದ ಡಬ್ಬಿಗೆ. ಅದನ್ನೇ ರಾತ್ರಿಗೂ ಬಡಿಸಿದ್ರೆ ಅಣ್ಣ ಮುಖ ಗಂಟು ಹಾಕ್ಕೊಳ್ತಾನೆ, ಅದಕ್ಕೆ ಮಂಗಳವಾರ ರಾತ್ರಿ ಚಪಾತಿ.

ಬುಧವಾರ ಮೊಳಕೆ ಹುರುಳಿಕಾಳು ಸಾರು. ಇಲ್ಲಿ ಸ್ವಲ್ಪ ನಿಂತು ನೋಡಿ. ಹುರುಳಿ ಸೋಮವಾರ ರಾತ್ರಿ ನೆನೀಬೇಕು. ಮಂಗಳವಾರ ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಬುಧವಾರ ಸಂಜೆ ಹೊತ್ತಿಗೆ ಮೊಳಕೆ. ಅಂದ್ರೆ ಸೋಮವಾರ ರಾತ್ರಿ ನಾವೆಲ್ಲ ಬಸ್ಸಾರು ಉಂಡು ಮೊಬೈಲ್ ಹಿಡ್ಕೊಂಡು ಕೂತಿರುವಾಗ ಅಮ್ಮನ ತಲೆ ಬುಧವಾರದಲ್ಲಿರುತ್ತೆ. ಗುರುವಾರ ದೋಸೆ ಅಂದ್ರೆ ಬುಧವಾರ ಮಧ್ಯಾಹ್ನ ಅಕ್ಕಿ-ಉದ್ದು ನೆನೆಹಾಕಿ, ಸಂಜೆ ರುಬ್ಬಬೇಕು. ಚಳಿಗಾಲ ಆದ್ರೆ ಹಿಟ್ಟು ಉಬ್ಬೋಕೆ ಇನ್ನೂ ಹೊತ್ತು. ರುಬ್ಬೋ ಹೊತ್ತಿಗೆ ಕರೆಂಟ್ ಹೋದ್ರೆ ಗುರುವಾರಾನೇ ಹೋಯ್ತು. ಶುಕ್ರವಾರ ಅನ್ನ, ತಿಳಿಸಾರು, ಹಪ್ಪಳ, ಅಷ್ಟೇ. ಶನಿವಾರ ರಾತ್ರಿ ಅಪ್ಪ ಊಟ ಬಿಡ್ತಾರೆ, ಫಲಾಹಾರ. ಒಬ್ಬರ ಉಪವಾಸ ಅಂದ್ರೆ ಅಮ್ಮನಿಗೆ ಎರಡು ಅಡುಗೆ: ಅಪ್ಪನಿಗೆ ಉಪ್ಪಿಟ್ಟು, ಮಿಕ್ಕವರಿಗೆ ಊಟ. (ಉಪ್ಪಿಟ್ಟು ಹೇಗೆ ಉಪವಾಸ ಆಗುತ್ತೆ ಅಂತ ನನ್ನ ಕೇಳಬೇಡಿ.)

ಇದಕ್ಕೆಲ್ಲ ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ದೊಡ್ಡ ದೊಡ್ಡ ಹೆಸರಿದೆ. ಲೀಡ್ ಟೈಮ್. ರೀ-ಆರ್ಡರ್ ಲೆವೆಲ್. ಪರ್ಪೆಚುವಲ್ ಇನ್ವೆಂಟರಿ. ತೊಗರಿಬೇಳೆ ಡಬ್ಬದ ಅರ್ಧಕ್ಕೆ ಇಳಿದ ದಿನ ಅಮ್ಮ ಚೀಟಿಗೆ 'ಬೇಳೆ' ಅಂತ ಸೇರಿಸ್ತಾಳೆ, ಹಳೇ ರಾಗಿಹಿಟ್ಟು ಮುಗಿಯೋ ತನಕ ಹೊಸದನ್ನ ಬಿಚ್ಚಲ್ಲ. ಅದು ಫಿಫೋ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್ ಬೇರೆ, ಪ್ಲ್ಯಾನಿಂಗ್ ನೋಡ್ಕೊಳ್ಳೋರು ಬೇರೆ, ಮೆಷಿನ್ ಮುಂದೆ ನಿಲ್ಲೋರು ಬೇರೆ, ಮೂವರಿಗೂ ಸಂಬಳ. ನಮ್ಮ ಮನೆಯಲ್ಲಿ ಮೂರೂ ಒಬ್ಬಳೇ, ಮೇಲೆ ಕ್ಲೀನಿಂಗ್.

ರೀಲ್ಸ್‌ನ ಆ ಏಳು ಡಬ್ಬಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದಕ್ಕೆ ಸೋಮವಾರದ ನಿಯಮ ಇಲ್ಲ, ಶುಗರ್ ಇರೋ ಅಜ್ಜಿ ಇಲ್ಲ, ನಮ್ಮ ಸಿಂಗಲ್ ಡೋರ್ ಫ್ರಿಜ್ ಇಲ್ಲ. ಡಬ್ಬ ತುಂಬೋ ಆ ಎರಡು ಗಂಟೆ ಭಾನುವಾರದ್ದು ಬೇರೆ. ವಾರಕ್ಕೊಂದು ಮಧ್ಯಾಹ್ನ ಮಲಗೋ ಅವಕಾಶ ಇತ್ತು, ಅದನ್ನೂ ಕಿತ್ಕೊಂಡ್ರು.

(3/6)
ಈಗ ಅಂಕಿ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ, 2019. ಮನೆಯವರಿಗಾಗಿ ಸಂಬಳ ಇಲ್ಲದೆ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಾರೆ, ಗಂಡಸರು 97. ಅದೂ ಮನೆಗೆಲಸ ಮಾಡ್ತೀವಿ ಅಂದವರ ಸರಾಸರಿ ಮಾತ್ರ. ಮಾಡ್ತೀವಿ ಅಂದ ಹೆಂಗಸರು ಶೇ. 81.2, ಗಂಡಸರು ಶೇ. 26.1. 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289ಕ್ಕೆ ಇಳಿದಿದೆ. ಐದು ವರ್ಷಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಗಂಡಸರದ್ದೂ 88ಕ್ಕೆ ಇಳಿದಿದೆ, ಅದು ಬೇರೆ ಮಾತು.

ಬ್ಲೌಸ್ ಹೊಲಿಯುತ್ತಾ 'ಹುರುಳಿ ನೆನೆಹಾಕಿದ್ನಾ' ಅಂತ ಯೋಚನೆ ಮಾಡೋದು ಇದರಲ್ಲಿ ಯಾವ ಕಾಲಂಗೆ ಬರುತ್ತೆ ಅಂತ ನನಗೆ ಕಾಣ್ತಿಲ್ಲ.

ಎಕನಾಮಿಕ್ಸ್ ಓದೋರಿಗೆ ಪಿಗೂ ಗೊತ್ತು. ಮನೆಗೆಲಸದವಳನ್ನ ಯಜಮಾನ ಮದುವೆಯಾದ್ರೆ ದೇಶದ ಆದಾಯ ಕಮ್ಮಿ ಆಗುತ್ತೆ ಅಂತ 1920ರಲ್ಲೇ ತೋರಿಸಿದ್ದ. ಕೆಲಸ ಅದೇ, ಸಂಬಳ ನಿಂತ ತಕ್ಷಣ ಲೆಕ್ಕದಿಂದ ಔಟ್. ಕ್ಲಾಸಲ್ಲಿ ಇದನ್ನ ಹೇಳಿದಾಗ ಎಲ್ಲರೂ ನಗ್ತಾರೆ, ಎಂಟು ಮಾರ್ಕ್ಸ್‌ಗೆ ಬರೀತಾರೆ, ಮನೆಗೆ ಹೋಗಿ 'ಅಮ್ಮಾ ಊಟ' ಅಂತಾರೆ.

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೀರ್ತಿ ಪ್ರಕರಣದಲ್ಲಿ, ಇದೇ 299 ಮತ್ತು 97 ಎತ್ತಿ ಹೇಳಿ ಗೃಹಿಣಿಯ ಕೆಲಸಕ್ಕೂ ಆದಾಯ ಅಂದಾಜು ಮಾಡಬೇಕು ಅಂದಿದೆ. ಒಳ್ಳೇದು. ಆದ್ರೆ ಅದು ರಸ್ತೆ ಅಪಘಾತದ ಪರಿಹಾರದ ಕೇಸು. ಅಮ್ಮನ ಕೆಲಸಕ್ಕೆ ಬೆಲೆ ಕಟ್ಟೋಕೆ ಮೊದಲು ಅವಳು ಸಾಯಬೇಕಾ?

(4/6)
ಬದುಕಿರುವಾಗಿನ ಲೆಕ್ಕ ನಾನು ಕೊಡ್ತೀನಿ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲೀತಾಳೆ. ಲೈನಿಂಗ್ ಇರೋದಕ್ಕೆ ₹450. ವರಮಹಾಲಕ್ಷ್ಮಿಗೆ ಮುಂಚಿನ ಹದಿನೈದು ದಿನ ಬೀದಿಯವರೆಲ್ಲ ನಮ್ಮ ಬಾಗಿಲಲ್ಲಿ. ಈ ಸಲ ಅವಳು ವಾಪಸ್ ಕಳಿಸಿದ್ದು ಹನ್ನೊಂದು ಬ್ಲೌಸ್. ಕಾರಣ, ಸಂಜೆ ಆರರಿಂದ ಹತ್ತೂವರೆ ತನಕ ಮೆಷಿನ್ ಮುಚ್ಚಿರುತ್ತೆ. ಹನ್ನೊಂದು ಗುಣಿಸು 450, ₹4,950. ಗೃಹಲಕ್ಷ್ಮಿಯ ಎರಡು ತಿಂಗಳ ದುಡ್ಡಿಗಿಂತ ಜಾಸ್ತಿ. ಇದನ್ನ ಆಪರ್ಚುನಿಟಿ ಕಾಸ್ಟ್ ಅಂತಾರೆ, ಮತ್ತು ಇದು ಯಾವ ಮನೆಯ ಖರ್ಚಿನ ಪುಸ್ತಕದಲ್ಲೂ ಇರಲ್ಲ.

(5/6)
ಮೊದಲ ಪೋಸ್ಟ್ ಹಾಕಿದ ಮೇಲೆ ಇನ್‌ಬಾಕ್ಸ್ ತುಂಬಿದೆ. ಉತ್ತರ ಇಲ್ಲೇ ಕೊಟ್ಟುಬಿಡ್ತೀನಿ.

'ನಮ್ಮಮ್ಮ ಖುಷಿಯಿಂದ ಮಾಡ್ತಾರೆ.' ಇರಬಹುದು. ಅಡುಗೆ ಇಷ್ಟಪಡೋರು ಬೇಕಾದಷ್ಟು ಜನ ಇದ್ದಾರೆ. ಆದ್ರೆ ದಿನಾ ಸಂಜೆ 'ಏನ್ ಮಾಡ್ಲಿ' ಅಂತ ಕೇಳಿ, 'ಏನಾದ್ರೂ ಮಾಡಮ್ಮ' ಅನ್ನಿಸಿಕೊಳ್ಳೋದು ಯಾರಿಗೆ ಖುಷಿ? ಕನ್ನಡದಲ್ಲಿ 'ಏನಾದ್ರೂ' ಅನ್ನೋಷ್ಟು ಸೋಮಾರಿ ಪದ ಇನ್ನೊಂದಿಲ್ಲ. ಯಾಕಂದ್ರೆ ತಟ್ಟೆ ಮುಂದೆ ಬಂದ ಮೇಲೆ ಅದೇ ಬಾಯಿ 'ಮತ್ತೆ ಇದೇನಾ?' ಅನ್ನುತ್ತೆ.

'ಹೇಳಿದ್ರೆ ನಾನೂ ಮಾಡ್ತೀನಿ.' ಹೇಳೋದೇ ಕೆಲಸ ಕಣಪ್ಪಾ. ನೆನಪಿಟ್ಟು, ನೋಡಿ, ಲೆಕ್ಕ ಹಾಕಿ, ನಿನಗೆ ಹೇಳಿ, ನೀನು ಮಾಡಿದ್ಯಾ ಅಂತ ಮತ್ತೆ ನೋಡಬೇಕು.

'ಅಪ್ಪ ಹೊರಗೆ ದುಡಿದು ಸುಸ್ತಾಗಿ ಬರ್ತಾರೆ.' ಇದು ನ್ಯಾಯವಾದ ಮಾತು. ನಮ್ಮಪ್ಪನೂ ದಿನಪೂರ್ತಿ ನಿಂತೇ ಕೆಲಸ ಮಾಡೋರು, ಆ ಕಾಲು ನೋವು ನನಗೆ ಗೊತ್ತು. ಆದ್ರೆ ಬುಧವಾರಕ್ಕೆ ಏನು ಅಂತ ಕೂತ್ಕೊಂಡೇ ಯೋಚನೆ ಮಾಡಬಹುದು. ಹುರುಳಿ ನೆನೆಹಾಕೋಕೆ ಎರಡು ನಿಮಿಷ.

ಇನ್ನು 'ಮಗಳು ದೊಡ್ಡವಳಾಗಿದ್ದಾಳಲ್ಲ, ಅವಳು ನೋಡ್ಕೊಳ್ಳಲಿ' ಅಂದ ಅಂಕಲ್‌ಗೆ: ಅಮ್ಮನ ಖಾತೆಯಿಂದ ನನ್ನ ಖಾತೆಗೆ ಬರೆದ್ರೆ ಅದು ಬರೀ ಜರ್ನಲ್ ಎಂಟ್ರಿ. ಮನೆಯ ಒಟ್ಟು ಲೆಕ್ಕ ಹಾಗೇ ಇರುತ್ತೆ. ಇಪ್ಪತ್ತು ವರ್ಷ ಆದ್ಮೇಲೆ ನನ್ನ ಮಗಳು ಇದೇ ಪೋಸ್ಟ್ ಹಾಕ್ತಾಳೆ.

(6/6)
ಹಾಗಾದ್ರೆ ಏನು ಮಾಡೋದು? ನಮ್ಮ ಮನೆಯಲ್ಲಿ ಮೂರು ವಾರದಿಂದ ಫ್ರಿಜ್ ಮೇಲೆ ಒಂದು ಹಾಳೆ ಇದೆ. ಅದರಲ್ಲಿ ತಿಂಡಿ ಹೆಸರಿಲ್ಲ, ಜನರ ಹೆಸರಿದೆ. ಮಂಗಳವಾರ ಅಪ್ಪ. ಬುಧವಾರ, ಶನಿವಾರ ನಾನು. ಗುರುವಾರ ಅಣ್ಣ, ಅವತ್ತು ಅವನಿಗೆ ವೀಕ್ಲಿ ಆಫ್. ಮಿಕ್ಕ ಮೂರು ಅಮ್ಮ. ಇನ್ನೂ ಸಮ ಆಗಿಲ್ಲ, ಗೊತ್ತು.

ಯಾರ ದಿನವೋ ಆ ದಿನ ಪೂರ್ತಿ ಅವರದ್ದು. ಏನು ಮಾಡೋದು, ಸಾಮಾನು ಇದೆಯಾ, ಏನು ನೆನೆಹಾಕಬೇಕು, ಅಜ್ಜಿಗೆ ಏಳೂವರೆಗೆ ಏನು, ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನಕ್ಕಾ, ಕೊನೆಗೆ ಸಿಂಕ್. ಅಮ್ಮನನ್ನ 'ಉಪ್ಪು ಎಷ್ಟು' ಅಂತ ಕೇಳಬಹುದು. 'ಏನ್ ಮಾಡ್ಲಿ' ಅಂತ ಕೇಳೋ ಹಾಗಿಲ್ಲ. ಮಾಡಿದ್ದಕ್ಕೆ ಮಿಕ್ಕವರು ಮುಖ ಗಂಟು ಹಾಕೋ ಹಾಗೂ ಇಲ್ಲ.

ಸಲೀಸಾಗಿ ನಡೀತಿದೆ ಅಂತೇನಿಲ್ಲ. ಅಪ್ಪನ ಮೊದಲ ಮಂಗಳವಾರ ಒಗ್ಗರಣೆ ಅವಲಕ್ಕಿ. ಅಜ್ಜಿ 'ಇದು ರಾತ್ರಿ ಊಟಾನಾ' ಅಂತ ಅರ್ಧ ಗಂಟೆ ಗೊಣಗಿದ್ರು. ಅಮ್ಮ ಎರಡು ಸಲ ಎದ್ದು ಅಡುಗೆಮನೆ ಕಡೆ ಹೋದಳು, ಎರಡು ಸಲನೂ ನಾನು ವಾಪಸ್ ಕರ್ಕೊಂಡು ಬಂದೆ. ಎರಡನೇ ಮಂಗಳವಾರವೂ ಅವಲಕ್ಕಿ. ಮೂರನೇದಕ್ಕೆ ಅಪ್ಪ ಸೋಮವಾರ ರಾತ್ರಿ ಮಲಗೋಕೆ ಮುಂಚೆ ಎದ್ದು ಹೋಗಿ ಹೆಸರುಕಾಳು ನೆನೆಹಾಕಿ ಬಂದ್ರು. ಯಾರೂ ಹೇಳಿರಲಿಲ್ಲ. ಆ ಸಂಜೆ ಅಮ್ಮ ಎರಡು ಬ್ಲೌಸ್‌ಗೆ ಕೈ ಹೊಲಿಗೆ ಮುಗಿಸಿದ್ದಳು.

ಅಣ್ಣ ಮಾತ್ರ ಎರಡು ಗುರುವಾರ ಆ್ಯಪ್‌ನಲ್ಲಿ ಪರೋಟ ತರಿಸಿದ್ದಾನೆ, 'ದುಡ್ಡು ನಂದೇ ಅಲ್ವಾ' ಅಂತ ವಾದ ಬೇರೆ. ಅಜ್ಜಿ ಅದನ್ನ ತಿನ್ನೋ ಹಾಗಿಲ್ಲ, ಹಾಗಾಗಿ ಆ ಎರಡೂ ರಾತ್ರಿ ಅಜ್ಜಿಗೆ ಮುದ್ದೆ ತಿರುವಿದ್ದು ಅಮ್ಮನೇ. ಆ ಗುರುವಾರಗಳನ್ನ ಹಾಳೆಯಲ್ಲಿ ಕೆಂಪು ಪೆನ್ನಲ್ಲಿ ಹೊಡೆದು ಹಾಕಿದ್ದೀನಿ. ಈ ವಾರ ದೋಸೆ ಮಾಡ್ತೀನಿ ಅಂದಿದ್ದಾನೆ. ಅಕ್ಕಿ-ಉದ್ದು ಬುಧವಾರ ಮಧ್ಯಾಹ್ನ ನೆನೀಬೇಕು. ನಾನಂತೂ ನೆನಪಿಸಲ್ಲ.