ಕಿವಿ ಮುಚ್ಚಿದ ಕಾರು, ಕಣ್ಣಿಲ್ಲದ ಟ್ರ್ಯಾಕ್ಟರ್

ಸಂಜೆ ಏಳರ ಸುಮಾರಿಗೆ ಹೆಬ್ಬಗೋಡಿಯಲ್ಲಿ ಹೊಸೂರು ರಸ್ತೆಯ ಬದಿಗೆ ಹತ್ತು ನಿಮಿಷ ನಿಂತರೆ ಎರಡು ಬಗೆಯ ವಾಹನಗಳು ತಪ್ಪದೆ ಕಣ್ಣಿಗೆ ಬೀಳುತ್ತವೆ. ಒಂದು, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಂದ ಚಂದಾಪುರ, ಅತ್ತಿಬೆಲೆಗಳ ಕಡೆಗೆ ಮರಳುವ ಕಾರು. ಗಾಜು ಏರಿಸಿ, ಎ.ಸಿ. ಹಾಕಿ, ಹಾಡಿನ ಗುಂಗಿನಲ್ಲಿ ಒಬ್ಬನೇ ಕುಳಿತ ಚಾಲಕ. ಇನ್ನೊಂದು, ಸರ್ವಿಸ್ ರಸ್ತೆಯಿಂದ ಮೆಲ್ಲನೆ ತಲೆ ತೂರಿಸುವ ಟ್ರ್ಯಾಕ್ಟರ್. ಅದರ ಹಿಂದೆ ನೀರು ತುಳುಕಿಸುತ್ತ ಸಾಗುವ ಟ್ಯಾಂಕರ್. ಹಿಂಬದಿಯ ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂತು. ಹೆಬ್ಬಗೋಡಿಗೂ ಒಂದು ನಿಲ್ದಾಣ ದೊರೆಯಿತು. ಆದರೆ ಮೇಲೆ ರೈಲು ಓಡಿದರೂ ಕೆಳಗಿನ ರಸ್ತೆಯಲ್ಲಿ ಈ ಎರಡು ವಾಹನಗಳ ಸಹವಾಸ ತಪ್ಪಿಲ್ಲ.

ಕಳೆದ ವರ್ಷ ಇಂತಹುದೇ ಒಂದು ಸಂಜೆ, ನಾನು ಕಾರಿನಲ್ಲಿ ಬರುತ್ತಿದ್ದಾಗ ನೀರಿನ ಟ್ರ್ಯಾಕ್ಟರ್ ಒಂದು ಎಡದಿಂದ ರಸ್ತೆಗೆ ಇಳಿಯಿತು. ಅದರ ಚಾಲಕ ಎರಡು ಬಾರಿ ಹಾರ್ನ್ ಮಾಡಿದ್ದನಂತೆ. ನನಗೆ ಕೇಳಿಸಲಿಲ್ಲ, ಏಕೆಂದರೆ ಹೊಸದಾಗಿ ಹಾಕಿಸಿದ್ದ ವೂಫರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹಿಂದೆ ಕುಳಿತಿದ್ದ ಮಗಳು ಕೂಗಿದ್ದರಿಂದ ಬ್ರೇಕ್ ಒತ್ತಿದೆ. ಎರಡು ಮೊಳದ ಅಂತರದಲ್ಲಿ ಕಾರು ನಿಂತಿತು. ಇಳಿದು ಜಗಳಕ್ಕೆ ಹೊರಟವನಿಗೆ ಟ್ರ್ಯಾಕ್ಟರ್‌ನ ಮಡ್‌ಗಾರ್ಡ್ ಮೇಲೆ ಅರಚುತ್ತಿದ್ದ ಸ್ಪೀಕರ್ ಪೆಟ್ಟಿಗೆ ಕಂಡಿತು. ಅವನಿಗೂ ನನ್ನ ಕಾರು ಕೇಳಿಸಿರಲಿಲ್ಲ. ಜಗಳಕ್ಕೆ ಅರ್ಥವೇ ಉಳಿಯಲಿಲ್ಲ. ಈ ಲೇಖನಕ್ಕೆ ಆ ಸಂಜೆಯೇ ಕಾರಣ.

ಕಾರಿಗೆ ಸಂಗೀತ ಹಾಕಿಸುವುದು ತಪ್ಪೆಂದು ಹೇಳುವ ಉದ್ದೇಶ ನನಗಿಲ್ಲ. ದಿನಕ್ಕೆರಡು ತಾಸು ಈ ರಸ್ತೆಯಲ್ಲಿ ಕಳೆಯುವವನಿಗೆ ಹಾಡು ಔಷಧವಿದ್ದಂತೆ. ತಪ್ಪಿರುವುದು ನಾವು ಆರಿಸುವ ಕ್ರಮದಲ್ಲಿ. ಜೆ.ಸಿ. ರಸ್ತೆಯ ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ವಾಟ್?’ ಎಂಬುದು. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಾವಿರಾರು ವಾಟ್‌ಗಳ ಸಂಖ್ಯೆ ಕ್ಷಣಮಾತ್ರದ ಗರಿಷ್ಠ ಶಕ್ತಿಯದು. ನಿರಂತರವಾಗಿ ದೊರೆಯುವ ಆರ್‌ಎಂಎಸ್ ಶಕ್ತಿಯನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅದನ್ನೇ ಓದಬೇಕು. ಇನ್ನೊಂದು ಸಂಗತಿಯೂ ಇದೆ. ವಾಟ್‌ಗಳನ್ನು ಎರಡು ಪಟ್ಟು ಮಾಡಿದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಅಂದರೆ ಹೆಚ್ಚು ವಾಟ್‌ಗೆ ಸುರಿದ ಹಣದ ಬಹುಭಾಗ ವ್ಯರ್ಥ.

ಹಾಗಾದರೆ ಹಣ ಎಲ್ಲಿಗೆ ಹೋಗಬೇಕು? ಮೊದಲು ಬಾಗಿಲಿಗೆ. ಬಾಗಿಲ ತಗಡಿನ ಒಳಗೆ ಕಂಪನ ತಡೆಯುವ ಹಾಳೆ ಅಂಟಿಸಿದರೆ ತಗಡಿನ ಗಡಗಡ ಸದ್ದು ತಗ್ಗುತ್ತದೆ; ಆಗ ಕಡಿಮೆ ಧ್ವನಿಯಲ್ಲಿಯೇ ಹಾಡಿನ ಸಾಹಿತ್ಯ ಸ್ಪಷ್ಟವಾಗಿ ಕೇಳುತ್ತದೆ. ಅನಂತರ, ಕಡಿಮೆ ಶಕ್ತಿಯಲ್ಲಿ ಹೆಚ್ಚು ನುಡಿಯುವ ಒಳ್ಳೆಯ ಮುಂಬದಿಯ ಸ್ಪೀಕರ್‌ಗಳಿಗೆ. ಆಂಪ್ಲಿಫೈಯರ್ ಬೇಕೇ ಬೇಕೆಂದರೆ ಅದರ ದಪ್ಪ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಅದಿಲ್ಲದಿದ್ದರೆ ತಂತಿ ಎಲ್ಲಿಯಾದರೂ ಉಜ್ಜಿ ಹರಿದಾಗ ಕಾರಿಗೇ ಬೆಂಕಿ. ಕಂಪನಿಯ ತಂತಿಗಳನ್ನು ಕತ್ತರಿಸಿ ಜೋಡಿಸುವ ಮೆಕ್ಯಾನಿಕ್‌ಗೆ ಬೇಡವೆನ್ನಿ, ಕಪ್ಲರ್ ಬಳಸಲು ಹೇಳಿ. ಸ್ಟಿಯರಿಂಗ್‌ನಲ್ಲಿ, ಕೆಲವು ಕಾರುಗಳಲ್ಲಿ ಕಂಬಗಳಲ್ಲಿ ಮತ್ತು ಚಾವಣಿಯ ಅಂಚಿನಲ್ಲಿಯೂ ಏರ್‌ಬ್ಯಾಗ್‌ಗಳಿರುತ್ತವೆ. ಹಾಡಿಗಾಗಿ ಅವುಗಳ ದಾರಿಗೆ ಕೈ ಹಾಕುವುದು ಜೀವದ ಜೊತೆಗಿನ ಚೆಲ್ಲಾಟ. ಕೊನೆಯ ಪರೀಕ್ಷೆ ಸರಳವಾದದ್ದು: ನಿಮ್ಮ ಮೆಚ್ಚಿನ ಹಾಡು ನುಡಿಯುತ್ತಿರುವಾಗ ಪಕ್ಕದವರ ಸಾಧಾರಣ ಮಾತು ನಿಮಗೆ ಕೇಳಿಸಬೇಕು. ಕೇಳಿಸದಿದ್ದರೆ ಹೊರಗಿನ ಹಾರ್ನೂ ಕೇಳಿಸದು.

2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಸೀಟ್ ಬೆಲ್ಟ್ ಎಚ್ಚರಿಕೆ, ಗಂಟೆಗೆ 80 ಕಿಲೋಮೀಟರ್ ದಾಟಿದಾಗಿನ ವೇಗದ ಎಚ್ಚರಿಕೆ, ಹಿಂದಕ್ಕೆ ಸರಿಯುವಾಗಿನ ಸೆನ್ಸರ್ ಇವೆಲ್ಲವನ್ನೂ ಸರ್ಕಾರ ಕಡ್ಡಾಯ ಮಾಡಿದೆ. ಈ ಮೂರೂ ನಮ್ಮೊಡನೆ ಮಾತಾಡುವುದು ಶಬ್ದದ ಮೂಲಕ. ಕಾನೂನು ಕಿವಿಯನ್ನು ನಂಬಿ ಜೀವ ಉಳಿಸಲು ಹೊರಟರೆ ನಾವು ಅದೇ ಕಿವಿಯನ್ನು ಹಣ ಕೊಟ್ಟು ಮುಚ್ಚಿಸಿಕೊಳ್ಳುತ್ತಿದ್ದೇವೆ.

ಇನ್ನು ಟ್ರ್ಯಾಕ್ಟರ್‌ನ ಕಡೆಗೆ ಬರೋಣ. ಆನೇಕಲ್ ತಾಲ್ಲೂಕು ರಾಗಿ, ಅವರೆಗಳ ನೆಲ. ಹೆಬ್ಬಗೋಡಿ, ಬೊಮ್ಮಸಂದ್ರ, ಹುಸ್ಕೂರು ಸುತ್ತಿನ ಹೊಲಗಳು ಕಾರ್ಖಾನೆಗಳಾದವು, ಬಡಾವಣೆಗಳಾದವು. ಉಳುವ ಭೂಮಿ ಹೋದ ಮೇಲೆ ಟ್ರ್ಯಾಕ್ಟರ್ ಉಳಿಯಿತು. ಅದೀಗ ಜಲ್ಲಿ, ಇಟ್ಟಿಗೆ, ಕಟ್ಟಡದ ಅವಶೇಷ, ಎಲ್ಲಕ್ಕಿಂತ ಹೆಚ್ಚಾಗಿ ನೀರು ಎಳೆಯುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಬಾಯಾರಿದಾಗ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ಬೆಲೆಯ ಬಗ್ಗೆ ಆಗ ನಾವು ಬಿರುಸಿನಿಂದ ಚರ್ಚಿಸಿದೆವು. ಆ ಟ್ಯಾಂಕರ್‌ಗೆ ಬ್ರೇಕ್ ಇದೆಯೇ, ದೀಪ ಇದೆಯೇ ಎಂದು ಕೇಳಿದವರು ಎಷ್ಟು ಮಂದಿ?

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರು ಒಂದು ಕಿಲೋ. 5,000 ಲೀಟರ್‌ನ ಟ್ಯಾಂಕರ್ ಎಂದರೆ ಐದು ಟನ್ ನೀರು. ಅದನ್ನು ಎಳೆಯುವ ಟ್ರ್ಯಾಕ್ಟರ್‌ನ ಸ್ವಂತ ತೂಕ ಸುಮಾರು ಎರಡು ಟನ್. ನಮ್ಮ ಬಹುತೇಕ ಟ್ರ್ಯಾಕ್ಟರ್‌ಗಳಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಟ್ರೇಲರ್‌ಗೆ ಪ್ರತ್ಯೇಕ ಬ್ರೇಕ್ ಇಲ್ಲದಿದ್ದರೆ, ಇಳಿಜಾರಿನಲ್ಲಿ ಎಳೆಯಬೇಕಾದ ಟ್ರ್ಯಾಕ್ಟರ್ ಅನ್ನು ಟ್ರೇಲರೇ ತಳ್ಳುತ್ತದೆ, ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ಅಪಾಯವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಟ್ಯಾಂಕ್ ಅರ್ಧ ತುಂಬಿದ್ದರೆ ತಿರುವಿನಲ್ಲಿ ನೀರು ಒಂದೇ ಬದಿಗೆ ಅಪ್ಪಳಿಸಿ ವಾಹನವನ್ನು ಹೊರಳಿಸಬಲ್ಲದು. ಹೊಲದಲ್ಲಿ ಚುರುಕಾಗಿ ತಿರುಗಲೆಂದು ಟ್ರ್ಯಾಕ್ಟರ್‌ಗೆ ಎಡಕ್ಕೊಂದು, ಬಲಕ್ಕೊಂದು ಬ್ರೇಕ್ ಪೆಡಲ್ ಕೊಟ್ಟಿರುತ್ತಾರೆ. ರಸ್ತೆಗೆ ಇಳಿಯುವ ಮುನ್ನ ಅವೆರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಮರೆತರೆ, ಬ್ರೇಕ್ ಒತ್ತಿದ ಕ್ಷಣವೇ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಸೆಳೆದುಕೊಂಡು ಹೋಗುತ್ತದೆ.

ಎತ್ತರದ ಭಾರ ಎಷ್ಟು ಬೇಗ ಉರುಳುತ್ತದೆಂಬುದನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ನೂರಡಿ ಮೀರಿದ ತೇರುಗಳನ್ನು ಎತ್ತು, ಟ್ರ್ಯಾಕ್ಟರ್ ಕಟ್ಟಿ ಎಳೆದು ತರುತ್ತಾರೆ. 2024ರ ಏಪ್ರಿಲ್‌ನಲ್ಲಿ ಒಂದು ತೇರು ಉರುಳಿತು. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ಸಿಕ್ಕಿ ಮತ್ತೆ ಉರುಳಿದಾಗ ಜೀವಹಾನಿಯೇ ಆಯಿತು. ಟ್ರ್ಯಾಕ್ಟರ್ ಉರುಳಲು ಅಷ್ಟು ಎತ್ತರವೂ ಬೇಕಿಲ್ಲ. ಕೆಸರಿನಲ್ಲಿ ಹೂತ ಟ್ರ್ಯಾಕ್ಟರ್‌ಗೆ ಡ್ರಾಬಾರ್ ಬಿಟ್ಟು ಮೇಲ್ಭಾಗದಲ್ಲಿ ಸರಪಳಿ ಬಿಗಿದು ಎಳೆಸಿದರೆ, ಮುಂದಿನ ಗಾಲಿ ಮೇಲೆದ್ದು ಹಿಮ್ಮಗುಚಲು ಎರಡು ಸೆಕೆಂಡು ಸಾಕು. ಹಾರಿ ತಪ್ಪಿಸಿಕೊಳ್ಳಲು ಯಾರಿಗೂ ಅಷ್ಟು ಸಮಯ ಸಾಲದು.

ಇದಕ್ಕೆ ಪರಿಹಾರ ಹೊಸದಲ್ಲ. ಚಾಲಕನ ತಲೆಯ ಮೇಲೆ ಉಕ್ಕಿನ ಚೌಕಟ್ಟು, ಜೊತೆಗೆ ಸೀಟ್ ಬೆಲ್ಟ್. ಹೊಸ ಟ್ರ್ಯಾಕ್ಟರ್‌ಗಳಿಗೆ ಇಂಥ ಚೌಕಟ್ಟನ್ನು ಸ್ವೀಡನ್ 1959ರಲ್ಲಿಯೇ ಕಡ್ಡಾಯ ಮಾಡಿತು. ಉರುಳಿ ಸಾಯುವವರ ಸಂಖ್ಯೆ ಅಲ್ಲಿ ಮುಂದಿನ ದಶಕಗಳಲ್ಲಿ ಗಣನೀಯವಾಗಿ ಇಳಿಯಿತು. ಅದೇ 1959ರಲ್ಲಿ ಐಷರ್ ಕಂಪನಿ ಫರೀದಾಬಾದ್‌ನಲ್ಲಿ ಭಾರತದ ಮೊದಲ ದೇಶೀ ಟ್ರ್ಯಾಕ್ಟರ್ ತಯಾರಿಸಿತು. ಆರು ದಶಕ ಕಳೆದರೂ ನಮ್ಮ ಕಣ್ಣೆದುರು ಓಡಾಡುವ ಬಹುಪಾಲು ಟ್ರ್ಯಾಕ್ಟರ್‌ಗಳ ಮೇಲೆ ಇರುವುದು ಬಿಸಿಲಿಗೆ ಕಟ್ಟಿದ ಬಟ್ಟೆಯ ಚಪ್ಪರ, ಅದರ ಕೆಳಗೆ ಸ್ಪೀಕರ್ ಪೆಟ್ಟಿಗೆ. ಕಾರಿನವನಂತೆಯೇ ಟ್ರ್ಯಾಕ್ಟರಿನವನೂ ಹಣವನ್ನು ಕಾಯುವ ವಸ್ತುವಿಗೆ ಹಾಕದೆ ಕೇಳುವ ವಸ್ತುವಿಗೆ ಹಾಕಿದ್ದಾನೆ.

ಅವನ ಪಾಡೂ ತಿಳಿಯಬೇಕು. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್‌ನಲ್ಲಿ ಚಾಲಕನ ಕಿವಿಯ ಬಳಿ ಸದ್ದು 90 ಡೆಸಿಬೆಲ್ ಮುಟ್ಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಆಲಿಕೆಯ ಮಾನದಂಡದ ಪ್ರಕಾರ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. ವಾರದ ಪಾಲನ್ನು ಅವನು ಸೋಮವಾರ ಮಧ್ಯಾಹ್ನದೊಳಗೆ ಮುಗಿಸಿರುತ್ತಾನೆ. ಆ ಗದ್ದಲದ ಮೇಲೆ ಹಾಡು ಕೇಳಬೇಕೆಂದರೆ ಅದನ್ನು ಇನ್ನೂ ಜೋರು ಮಾಡಲೇಬೇಕು. ಹೀಗೆ ಕಿವಿ ಮಂದವಾಗುತ್ತದೆ, ಧ್ವನಿ ಏರುತ್ತದೆ, ಹಿಂದಿನಿಂದ ಬರುವ ಲಾರಿಯ ಸದ್ದು ಮುಳುಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳನ್ನು ಕಂಡವರಿಗೆ ಈ ಕಥೆ ಹೊಸದೇನಲ್ಲ. ಟ್ರೇಲರ್‌ನಲ್ಲಿ ಜನರನ್ನು ತುಂಬಿದರಂತೂ ದುರಂತಕ್ಕೆ ಆಹ್ವಾನ: 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯಲ್ಲಿ ಯಾತ್ರೆಯಿಂದ ಮರಳುತ್ತಿದ್ದ ಟ್ರ್ಯಾಕ್ಟರ್ ಟ್ರಾಲಿ ಕೆರೆಗೆ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಕಾನೂನಿನಲ್ಲಿಯೂ ಒಂದು ಕೊರತೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ ‘ಲಘು ಮೋಟಾರು ವಾಹನ’ ಎಂಬ ವ್ಯಾಖ್ಯೆಯಲ್ಲಿ ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರ್ ಕೂಡ ಸೇರಿದೆ. ಸಣ್ಣ ಕಾರಿನಲ್ಲಿ ಎಂಟು ಬರೆದು ಪರವಾನಗಿ ಪಡೆದವನು, ಹಿಂದೆ ಐದು ಟನ್ ನೀರು ಕಟ್ಟಿಕೊಂಡು ಹೊರಡುವುದನ್ನು ಯಾವ ಪರೀಕ್ಷೆಯಲ್ಲಿಯೂ ಕಲಿತಿರುವುದಿಲ್ಲ. ಕಾರು ಗಂಟೆಗೆ 60 ಕಿಲೋಮೀಟರ್, ಟ್ರ್ಯಾಕ್ಟರ್ 15 ಕಿಲೋಮೀಟರ್ ವೇಗದಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿವೆ ಎಂದುಕೊಳ್ಳಿ. ನಡುವಿನ 50 ಮೀಟರ್ ಅಂತರ ಕರಗಲು ನಾಲ್ಕೇ ಸೆಕೆಂಡು ಸಾಕು. ಹಿಂಬದಿಯಲ್ಲಿ ಕೆಂಪು ಪ್ರತಿಫಲಕ ಇದ್ದರೆ ಆ 50 ಮೀಟರ್ 150 ಆಗುತ್ತದೆ, ನಾಲ್ಕು ಸೆಕೆಂಡು ಹನ್ನೆರಡು ಆಗುತ್ತದೆ. ಒಂದು ಜೀವದ ಬೆಲೆ ಕೆಲವೇ ನೂರು ರೂಪಾಯಿಯ ಪಟ್ಟಿಯಲ್ಲಿ ಅಡಗಿದೆ.

ಪೊಲೀಸರು ದಂಡ ಹಾಕಲಿ ಎಂದು ಹೇಳಿ ಮುಗಿಸುವುದು ಸುಲಭ. ಬಡ ಚಾಲಕನಿಗೆ ದಂಡ ಬೀಳುತ್ತದೆ, ಟ್ಯಾಂಕರ್‌ನ ಮಾಲೀಕ ಮನೆಯಲ್ಲಿರುತ್ತಾನೆ, ಮರುದಿನ ಎಲ್ಲವೂ ಮೊದಲಿನಂತೆ. ನಾವು ಗಮನಿಸದೆ ಬಿಟ್ಟಿರುವುದು ಬೇರೆಯೇ ಇದೆ. ಆ ಕಾರಿನವನು ಮತ್ತು ಆ ಟ್ರ್ಯಾಕ್ಟರಿನವನು ಅಪರಿಚಿತರಲ್ಲ. ಕಾರಿನವನು ವಾಸಿಸುವ ಅಪಾರ್ಟ್‌ಮೆಂಟ್‌ಗೇ ಟ್ರ್ಯಾಕ್ಟರ್ ನೀರು ತರುತ್ತಿದೆ. ರಸ್ತೆಯಲ್ಲಿ ಅವನು ಶಪಿಸುವ ವಾಹನಕ್ಕೆ ತಿಂಗಳ ಕೊನೆಗೆ ಹಣ ಕೊಡುವವನೂ ಅವನೇ. ಕೊಳ್ಳುವವನಿಗೆ ಕೇಳುವ ಹಕ್ಕಿದೆ.

ಆದ್ದರಿಂದ ನಿವಾಸಿಗಳ ಸಂಘಗಳು ನೀರಿನ ಗುತ್ತಿಗೆಗೆ ಸಹಿ ಹಾಕುವ ಮುನ್ನ ನಾಲ್ಕು ಷರತ್ತು ಹಾಕಲಿ: ಟ್ರೇಲರ್‌ಗೆ ಬ್ರೇಕ್, ಹಿಂಬದಿಗೆ ದೀಪ ಮತ್ತು ಪ್ರತಿಫಲಕ, ಚಾಲಕನ ಪರವಾನಗಿಯ ಪ್ರತಿ, ಸ್ಪೀಕರ್ ಪೆಟ್ಟಿಗೆಗೆ ನಿಷೇಧ. ಇದರಿಂದ ಒಂದು ಟ್ಯಾಂಕರ್‌ಗೆ ಹತ್ತು ಇಪ್ಪತ್ತು ರೂಪಾಯಿ ಹೆಚ್ಚಾದರೆ ಕೊಡಲಿ. ಚಾಲಕನಿಗೆ ಒಂದು ಜೊತೆ ಕಿವಿಬೆಣೆಯನ್ನೂ ಕೊಡಲಿ. ಅದು ಎಂಜಿನ್ನಿನ ಅಬ್ಬರವನ್ನು ತಗ್ಗಿಸಿ ಅವನ ಕಿವಿಯನ್ನು ಉಳಿಸುತ್ತದೆ. ಹೆಬ್ಬಗೋಡಿ ನಗರಸಭೆ ತಾನು ಗೊತ್ತುಪಡಿಸಿಕೊಳ್ಳುವ ಟ್ಯಾಂಕರ್‌ಗಳಿಗೆ ಇದೇ ನಿಯಮ ಅನ್ವಯಿಸಿದರೆ ಉಳಿದವರು ತಾವಾಗಿ ಅನುಸರಿಸುತ್ತಾರೆ. ಸಾರಿಗೆ ಇಲಾಖೆ, ಕೃಷಿಗೆಂದು ನೋಂದಾಯಿಸಿ ವಾಣಿಜ್ಯಕ್ಕೆ ಓಡಿಸುವ ಟ್ರ್ಯಾಕ್ಟರ್‌ಗಳನ್ನು ಹಿಡಿಯುವುದರ ಜೊತೆಗೆ, ಟ್ರೇಲರ್ ಕಟ್ಟಿ ಓಡಿಸುವವರಿಗೆ ಒಂದು ದಿನದ ತರಬೇತಿಯನ್ನಾದರೂ ಏರ್ಪಡಿಸಲಿ.

ಇನ್ನು ನಮ್ಮ ಪಾಲಿನ ಕೆಲಸ. ನಾನು ನನ್ನ ವೂಫರ್ ತೆಗೆಸಿಲ್ಲ. ಆದರೆ ಹೊಸೂರು ರಸ್ತೆಗೆ ಬಂದೊಡನೆ ಅದರ ಧ್ವನಿಯನ್ನು ಮಗಳ ಮಾತು ಕೇಳುವಷ್ಟಕ್ಕೆ ಇಳಿಸುತ್ತೇನೆ, ಕಿಟಕಿಯ ಗಾಜನ್ನು ಒಂದು ಬೆರಳಷ್ಟು ತೆರೆದಿಡುತ್ತೇನೆ. ಹಾಡು ಆಗಲೂ ಕೇಳುತ್ತದೆ. ಟ್ರ್ಯಾಕ್ಟರ್ ಬರುವುದೂ ಕೇಳುತ್ತದೆ.