ಬೇಲಿಯ ಗೌರಿಹೂವು

ನಮ್ಮ ಬೆಳಗೋಡು ಸೀಮೆಯಲ್ಲಿ ಭಾದ್ರಪದದ ಗೌರಿ ಹಬ್ಬಕ್ಕೆ ಗೌರಿಹೂವು ಇರಬೇಕು. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಆರು ಎಸಳುಗಳೂ ಹಿಂದಕ್ಕೆ ಬಾಗಿ ಉರಿಯ ನಾಲಗೆಯಂತೆ ಕಾಣುತ್ತವೆ. ಅಗ್ನಿಶಿಖೆ ಎಂಬ ಇನ್ನೊಂದು ಹೆಸರು ಇದಕ್ಕೆ ಒಪ್ಪುವಂಥದೇ. ನಾನು ಚಿಕ್ಕವನಿದ್ದಾಗ ಕಾಫಿ ತೋಟದ ಬೇಲಿಗಳಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಈಗ ಬೇಲಿಯ ಜಾಗಕ್ಕೆ ತಂತಿ ಬಂದಿದೆ. ತಂತಿಯ ಬುಡಕ್ಕೆ ಕಳೆನಾಶಕ ಬೀಳುತ್ತಿದೆ. ಹಬ್ಬದ ಮುನ್ನಾದಿನ ಹೂವಿಗಾಗಿ ಅಲೆಯುವಂತಾಗಿದೆ.

ನಿವೃತ್ತನಾದ ವರ್ಷ, ಬೇಲಿ ಕೀಳಿಸುತ್ತಿದ್ದ ನೆರೆಯವರ ತೋಟದಿಂದ ಎರಡು ಗಡ್ಡೆ ತಂದು ಹಿತ್ತಲಲ್ಲಿ ನೆಟ್ಟೆ. ಒಂದು ಮೊಳೆಯಲೇ ಇಲ್ಲ. ಅಗೆಯುವಾಗ ಅದರ ತುದಿಯ ಮೊಳಕೆಯನ್ನು ನಾನೇ ಮುರಿದಿದ್ದೆ. ಇನ್ನೊಂದು ಮುಂಗಾರಿನಲ್ಲಿ ಚಿಗುರಿ, ಎಲೆಯ ತುದಿಯ ಕುಡಿಯಿಂದಲೇ ಸುತ್ತಿ ಹಿಡಿದು ದಾಸವಾಳದ ಗಿಡವನ್ನೇರಿತು. ನೀರು ನಿಲ್ಲದ ಜಾಗವಾದರೆ ಹೆಚ್ಚಿನ ಆರೈಕೆ ಬೇಡ. ಬೇಸಿಗೆಯಲ್ಲಿ ಬಳ್ಳಿ ಒಣಗಿದರೂ ಗಡ್ಡೆ ಮಣ್ಣಿನೊಳಗೆ ಜೀವ ಹಿಡಿದಿರುತ್ತದೆ.

"ಮೊಮ್ಮಕ್ಕಳು ಓಡಾಡುವಲ್ಲಿ ವಿಷದ ಗಡ್ಡೆ ಯಾಕ್ರೀ?" ಎಂದರು ನನ್ನ ಶ್ರೀಮತಿ. ಅವರ ಮಾತು ಸುಳ್ಳಲ್ಲ. ಸಸ್ಯದ ಎಲ್ಲ ಭಾಗಗಳಲ್ಲೂ, ವಿಶೇಷವಾಗಿ ಗಡ್ಡೆ ಮತ್ತು ಬೀಜಗಳಲ್ಲಿ, ಕಾಲ್ಚಿಸಿನ್ ಎಂಬ ವಿಷವಿದೆ. ಗೆಣಸೆಂದು ತಿಳಿದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಅದೇ ಕಾಲ್ಚಿಸಿನ್ ವೈದ್ಯರ ಅಳತೆಯಲ್ಲಿ ಗೌಟ್ ಎಂಬ ಕೀಲುಬೇನೆಗೆ ಮದ್ದು. ತಮಿಳುನಾಡಿನ ರೈತರು ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ. ಆ ರಾಜ್ಯದ ಅಧಿಕೃತ ಹೂವೂ ಇದೇ.

ಬಳ್ಳಿಯನ್ನು ನಾನು ಕೀಳಲಿಲ್ಲ. ಸುತ್ತ ಬಿದಿರಿನ ತಡಿಕೆ ಕಟ್ಟಿದೆ. ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೂವು, ಎಲೆ, ಗಡ್ಡೆಗಳ ಗುರುತು ಹೇಳಿಕೊಟ್ಟೆ: ನೋಡಬಹುದು, ಬಾಯಿಗಿಡಬಾರದು. ಅಂಬೆಗಾಲಿಡುವ ಕೂಸಿದ್ದ ಮನೆಯಾಗಿದ್ದರೆ ಶ್ರೀಮತಿಯವರ ಮಾತನ್ನೇ ಕೇಳುತ್ತಿದ್ದೆ. ಆದರೆ ಗುರುತೇ ತಿಳಿಯದೆ ಬೆಳೆದ ಮಗು ನಾಳೆ ಕಾಡಂಚಿನಲ್ಲಿ ಅದನ್ನೇ ಗೆಣಸೆಂದು ಅಗೆದರೆ ತಪ್ಪು ಯಾರದು?

ಹಬ್ಬ ಮಾಡುವವರಲ್ಲಿ ನನ್ನದೊಂದು ವಿನಂತಿ. ಕಾಡಿನ ಗಡ್ಡೆಯನ್ನು ಕೀಳಬೇಡಿ. ಕಂಡ ಹೂವನ್ನೆಲ್ಲ ಕೊಯ್ಯಲೂ ಬೇಡಿ. ಕೊಯ್ದ ಹೂವು ಕಾಯಿ ಕಟ್ಟುವುದಿಲ್ಲ, ಕಾಯಿಲ್ಲದೆ ಬೀಜವಿಲ್ಲ. ಬೀಜದಿಂದ ಹುಟ್ಟಿದ ಸಸಿ ಹೂ ಬಿಡಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಪೂಜೆಗೆ ಒಂದೆರಡು ಸಾಕು, ಗೌರಮ್ಮ ಮುನಿಯಳು.

ಕಳೆದ ಹಬ್ಬಕ್ಕೆ ನಮ್ಮ ಬಳ್ಳಿಯಿಂದ ಮೂರು ಹೂವು ಕೊಯ್ದೆವು, ನಾಲ್ಕನ್ನು ಬಿಟ್ಟೆವು. ಕಾಯಿ ಒಡೆದು ಕೆಂಪು ಬೀಜ ಬಂತು. ಬೇಕೆಂದವರಿಗೆ ಕೊಡುತ್ತೇನೆ; ಮನೆಯಲ್ಲಿ ಎಳೆಯ ಮಕ್ಕಳಿದ್ದಾರೆಯೇ ಎಂದು ಮೊದಲು ಕೇಳಿಯೇ ಕೊಡುತ್ತೇನೆ.